ಚಿಲಕದ ಸದ್ದು

ಬಡಗಿ ಕೆಳಗಿನ ಕೀಲಿನ ಕೊನೆಯ ಸ್ಕ್ರೂ ಬಿಚ್ಚಿದ್ದೇ ಬಾಗಿಲು ಒಮ್ಮೆಲೇ ವಾಲಿತು. ಮಗ ಮುಂದೆ ಬಂದು ಎರಡೂ ಕೈಗಳಿಂದ ಅದನ್ನು ತಬ್ಬಿ ಹಿಡಿದ.

“ಮೆಲ್ಲಗೆ, ಮೆಲ್ಲಗೆ! ಒಳಗೆ ಅಮ್ಮ ಮಲಗಿದ್ದಾಳೆ.”

“ಇನ್ನು ಎಷ್ಟು ಸದ್ದಾದ್ರೇನಪ್ಪ,” ಎಂದುಬಿಟ್ಟ ಬಡಗಿ, ಆಮೇಲೆ ನಾಲಿಗೆ ಕಚ್ಚಿಕೊಂಡ. “ತಪ್ಪು ತಿಳ್ಕೋಬೇಡ. ಬಾಯಿಗೆ ಬಂದ್ಬಿಡ್ತು.”

“ಬಿಡು. ಅವಳಿಗೆ ಮೊದ್ಲೇ ಕಿವಿ ಮಂದ. ಬದುಕಿದ್ದಾಗ್ಲೂ ನಿನ್ನ ಸುತ್ತಿಗೆ ಸದ್ದು ಕೇಳಿಸ್ತಿರ್ಲಿಲ್ಲ.”

ಇಬ್ಬರೂ ಸೇರಿ ಬಾಗಿಲನ್ನು ಹೊರಗಿನ ಮೊಗಸಾಲೆಯ ಗೋಡೆಗೆ ಒರಗಿಸಿದರು. ಮೂರನೆಯ ಮಹಡಿಯ ಆ ಮನೆಯ ಬಾಗಿಲು ಎಂದೂ ಪೂರ್ತಿಯಾಗಿ ತೆರೆದುಕೊಂಡದ್ದಿಲ್ಲ. ಅದರ ಹಿಂದೆಯೇ ಬಟ್ಟೆ ಕತ್ತರಿಸುವ ಮೇಜನ್ನು ಗೋಡೆಗೆ ಜಡಿದಿದ್ದರು. ಬರುವವರು ಮೈ ಓರೆ ಮಾಡಿಕೊಂಡು ಬರುತ್ತಿದ್ದರು, ಹೋಗುವವರು ಹಾಗೆಯೇ ಹೋಗುತ್ತಿದ್ದರು. ಇಡೀ ಕಟ್ಟಡಕ್ಕೆ ಟೈಲರಮ್ಮನಾಗಿದ್ದ ಅಮ್ಮನನ್ನು ಮಲಗಿಸಿದ ಸ್ಟ್ರೆಚರನ್ನು ಮಾತ್ರ ಓರೆ ಮಾಡುವಂತಿರಲಿಲ್ಲ.

ಚೌಕಟ್ಟಿನ ಒಂದು ಪಕ್ಕ, ಎದೆಯ ಎತ್ತರಕ್ಕೆ, ಮರ ಸೀಳಿ ಬಿಳಿಯ ಒಳಮೈ ಕಾಣುತ್ತಿತ್ತು. ಮೊನ್ನೆ ಸಂಜೆ ಮಗ ಭುಜ ಕೊಟ್ಟು ಒಡೆದ ಜಾಗ ಅದು. ಅವನು ಬೇಕರಿಯಲ್ಲಿ ರಾತ್ರಿಪಾಳಿಯವನು. ಕೆಲಸಕ್ಕೆ ಹೋಗುವ ದಾರಿಯಲ್ಲಿ ದಿನವೂ ಅಮ್ಮನ ಮನೆಗೆ ಬಂದು ಒಂದು ಲೋಟ ಚಹಾ ಕುಡಿದು ಹೋಗುತ್ತಿದ್ದ. ಮೊನ್ನೆ ಬಾಗಿಲು ಮುಚ್ಚಿತ್ತು. ಎಲ್ಲೋ ಹೋಗಿದ್ದಾಳೆ, ಬರುವಷ್ಟರಲ್ಲಿ ಚಹಾ ಕಾಯಿಸಿಟ್ಟರಾಯಿತು ಎಂದುಕೊಂಡು ತನ್ನ ಬಳಿಯಿದ್ದ ಕೀಲಿಕೈ ಹಾಕಿ ತಿರುಗಿಸಿದ. ಕೀಲಿ ತಿರುಗಿತು, ಬಾಗಿಲು ಅಲುಗಲಿಲ್ಲ. ಒಳಗಿನಿಂದ ಚಿಲಕ ಬಿದ್ದಿತ್ತು.

“ಒಂದೇ ಒಂದು ವಿಷಯ ನನ್ನ ತಲೆಗೆ ಹೋಗ್ತಿಲ್ಲ,” ಎಂದ ಮಗ, ಆ ಸೀಳನ್ನು ಹೆಬ್ಬೆರಳಿನಿಂದ ಸವರುತ್ತ. “ನಾನು ಹುಟ್ಟಿದಾಗಿಂದ ಅಮ್ಮ ಮನೇಲಿದ್ದಾಗ ಈ ಬಾಗಿಲು ಹಾಕಿದ್ದು ನೋಡಿಲ್ಲ. ಅವತ್ತೊಂದಿನ ಯಾಕೆ ಹಾಕ್ಕೊಂಡ್ಲು? ಯಾರಿಗಾದ್ರೂ ಹೆದರಿದ್ಲಾ?”

ಹಜಾರದಲ್ಲಿ ಕುರ್ಚಿ, ಸ್ಟೂಲು, ಬಟ್ಟೆಯ ಗಂಟುಗಳ ಮೇಲೆಲ್ಲ ಜನ ಕುಳಿತಿದ್ದರು. ಅಮ್ಮನ ತಲೆಯ ಬಳಿ ಕುಳಿತಿದ್ದ ಮಗಳು ಮುಖ ಎತ್ತಿದಳು.

“ಅವತ್ತೊಂದಿನ ಅಲ್ಲ. ದಿನಾ ಹಾಕ್ತಿದ್ಲು.”

“ಯಾರು, ಅಮ್ಮನಾ? ಸುಮ್ನಿರಕ್ಕ. ನಾನು ದಿನಾ ಬರ್ತಿರ್ಲಿಲ್ವಾ?”

“ನೀನು ಬರ್ತೀಯ ಅಂತ ಸಂಜೆ ತೆಗೆದಿಡ್ತಿದ್ಲು. ಹಗಲೆಲ್ಲ ಹಾಕ್ಕೊಂಡೇ ಇರ್ತಿದ್ಲು, ಎರಡು ವರ್ಷದಿಂದ. ನಾನು ಹೇಳಿದ್ದೆ. ಫೋನಲ್ಲಿ ನಾನೇ ಕೇಳಿಸ್ಕೊಳ್ತಿದ್ದೆ.”

ಮೇಲಿನ ಮನೆಯ ಟೀಚರ್ ತನ್ನ ಸೆರಗಿನ ಅಂಚನ್ನು ನೋಡಿಕೊಂಡಳು. ಎದುರು ಮನೆಯ ಗಾರ್ಡ್ ಮಾವ, ರೈಲಿನಲ್ಲಿ ಗಾರ್ಡ್ ಆಗಿ ನಿವೃತ್ತನಾದವನು, ಕನ್ನಡಕ ತೆಗೆದು ಒರೆಸತೊಡಗಿದ. ಒರೆಸಿದ್ದನ್ನೇ ಒರೆಸಿದ.

ಮಗಳು ಆಸ್ಪತ್ರೆಯ ಪ್ರಯೋಗಾಲಯದಲ್ಲಿ ರಕ್ತದ ಮಾದರಿಗಳನ್ನು ಪರೀಕ್ಷಿಸುವವಳು. ಗಾಜಿನ ತುಂಡಿನ ಮೇಲೆ ಇರಬಾರದ ಒಂದು ಕಣ ಇದ್ದರೂ ಅವಳ ಕಣ್ಣಿಗೆ ಬೀಳುತ್ತಿತ್ತು. ಇವರಿಬ್ಬರ ತಪ್ಪಿಸಿಕೊಂಡ ನೋಟವೂ ಬಿತ್ತು.

*

ಎರಡು ವರ್ಷದ ಹಿಂದೆ, ಇದೇ ಕಟ್ಟಡದ ನೆಲಮಹಡಿಯಲ್ಲಿ ಒಬ್ಬಳೇ ಇದ್ದ ಅಜ್ಜಿಯೊಬ್ಬಳ ಮನೆಗೆ ಹಾಡುಹಗಲೇ ಯಾರೋ ನುಗ್ಗಿ, ಅಜ್ಜಿಯನ್ನು ತಳ್ಳಿ, ಕೈಗೆ ಸಿಕ್ಕಿದ್ದನ್ನು ಎತ್ತಿಕೊಂಡು ಹೋಗಿದ್ದರು. ಅಜ್ಜಿಯ ರಕ್ತದ ಶೀಷೆ ಮಗಳ ಮೇಜಿಗೇ ಬಂದಿತ್ತು. ಮೇಲೆ ಅಂಟಿಸಿದ್ದ ಚೀಟಿಯಲ್ಲಿ ಅಮ್ಮನ ಕಟ್ಟಡದ ವಿಳಾಸವಿತ್ತು. ಹೆಸರು ಓದಲು ಒಂದು ಕ್ಷಣ ಧೈರ್ಯ ಬರಲಿಲ್ಲ.

ಅಂದೇ ಸಂಜೆ ಬಂದು ಜಗಳ ತೆಗೆದಳು.

“ಬಾಗಿಲು ಹಾಕ್ಕೊಂಡು ಕೂತ್ರೆ ಜನ ಹೇಗೆ ಬರ್ತಾರೆ?” ಅಮ್ಮ ಸೂಜಿಗೆ ದಾರ ಪೋಣಿಸುತ್ತ ಕೇಳಿದಳು. “ಮೆಷಿನ್ ತುಳೀತಿದ್ರೆ ನನಗೆ ಬೆಲ್ಲೂ ಕೇಳ್ಸಲ್ಲ, ತಟ್ಟಿದ್ದೂ ಕೇಳ್ಸಲ್ಲ. ತೆರೆದಿದ್ರೆ ಇದ್ದಾಳೆ, ಹಾಕಿದ್ರೆ ಹೊರಗೆ ಹೋಗಿದ್ದಾಳೆ. ಈ ಕಟ್ಟಡದ ಪುಟ್ಟ ಮಕ್ಕಳಿಗೂ ಅದು ಗೊತ್ತು.”

“ಕಳ್ಳನಿಗೂ ಗೊತ್ತಾಗುತ್ತೆ.”

“ಕಳ್ಳ ಬಂದ್ರೆ ಪ್ಯಾಂಟು ಗಿಡ್ಡ ಮಾಡಿಸ್ಕೊಂಡು ಹೋಗ್ಲಿ ಬಿಡು.”

“ಅಮ್ಮಾ, ತಮಾಷೆ ಮಾಡ್ಬೇಡ.”

“ನೀನು ಹೆದರ್ಸಬೇಡ. ಇಷ್ಟು ವರ್ಷ ಏನಾಯ್ತು?”

“ಆಗೋವರೆಗೂ ಯಾರಿಗೂ ಏನೂ ಆಗಿರಲ್ಲ,” ಎಂದಳು ಮಗಳು. ಅದು ತರ್ಕಕ್ಕೆ ಸರಿಯಾದ ಮಾತಾಗಿತ್ತು. ಅಮ್ಮ ದಾರದ ತುದಿಗೆ ಗಂಟು ಹಾಕಿದಳು.

ಮರುದಿನದಿಂದ ಮಗಳು ಮಧ್ಯಾಹ್ನ ಊಟಕ್ಕೆ ಏಳುವ ಮುಂಚೆ ಫೋನ್ ಮಾಡತೊಡಗಿದಳು. ಹಾಕಿದ್ದೀನಿ ಎಂದರೆ ನಂಬುತ್ತಿರಲಿಲ್ಲ. “ತೆಗೆದು ಮತ್ತೆ ಹಾಕು, ನಾನು ಕೇಳಿಸ್ಕೋಬೇಕು” ಎನ್ನುತ್ತಿದ್ದಳು. ಮೊಬೈಲಿನ ಮಾತು ಕಿವಿಗೆ ಹತ್ತುವುದಿಲ್ಲವೆಂದು ಅಮ್ಮ ಹಳೆಯ ಫೋನನ್ನೇ ಉಳಿಸಿಕೊಂಡಿದ್ದಳು, ಆ ಹೊತ್ತಿಗೆ ಮೆಷಿನ್ ನಿಲ್ಲಿಸಿ ಅದರ ಗಂಟೆಗೆ ಕಾಯುತ್ತಿದ್ದಳು. ಅದರ ರಿಸೀವರನ್ನು ಕಿಟಕಿಯ ಬಳಿಯ ಸ್ಟೂಲಿನ ಮೇಲೆ ಮಲಗಿಸಿ, ಚಪ್ಪಲಿ ಎಳೆಯುತ್ತ ಬಾಗಿಲವರೆಗೆ ಹೋಗುತ್ತಿದ್ದಳು. ದಪ್ಪ ಕಬ್ಬಿಣದ ಚಿಲಕ ಕಿರುಗುಟ್ಟಿ ‘ಠಣ್’ ಎಂದು ಬೀಳುತ್ತಿತ್ತು. ಮತ್ತೆ ಚಪ್ಪಲಿಯ ಸದ್ದು. “ಕೇಳಿಸ್ತಾ?”

“ಹೂಂ. ಈಗ ಇಡು.”

ಮಗಳಿಗೆ ಊಟ ರುಚಿಸುತ್ತಿದ್ದುದು ಆಮೇಲೆಯೇ.

*

“ತಲೆ ಕಡೆ ಸ್ವಲ್ಪ ಎತ್ರಿ. ಎಡಕ್ಕೆ, ಎಡಕ್ಕೆ. ಹಾಂ, ಈಗ ಬಿಡಿ,” ಎಂದು ಗಾರ್ಡ್ ಮಾವ ಪ್ರತಿ ತಿರುವಿನಲ್ಲೂ ಸ್ಟ್ರೆಚರಿಗಿಂತ ಒಂದು ಮೆಟ್ಟಿಲು ಮುಂದೆ ಇಳಿದು, ಅಂಗೈ ಬೀಸಿ ದಾರಿ ತೋರಿಸಿದ. ಮೆಟ್ಟಿಲುಗಳ ಉದ್ದಕ್ಕೂ ನಿಂತಿದ್ದವರ ಮೈಮೇಲೆ ಟೈಲರಮ್ಮನ ಕೈಗೆಲಸವಿತ್ತು. ಒಬ್ಬಳ ರವಿಕೆ, ಒಬ್ಬನ ಅಂಗಿಯ ಕಾಲರು, ಟೀಚರಮ್ಮನ ಮಗಳ ಶಾಲೆಯ ಲಂಗ.

“ನನ್ನ ಸೊಂಟ ದಪ್ಪ ಆಗಿದ್ದು ನನ್ನ ಗಂಡನಿಗಿಂತ ಮೊದ್ಲು ಗೊತ್ತಾಗಿದ್ದು ಇವಳಿಗೇ,” ಎಂದಳು ಒಬ್ಬಳು ಕಣ್ಣೊರೆಸಿಕೊಳ್ಳುತ್ತ.

“ಗೊತ್ತಾದ್ರೂ ಬಾಯಿ ಬಿಡ್ತಿರ್ಲಿಲ್ಲ, ಪಾಪ. ಸುಮ್ನೆ ಒಂದು ಹೊಲಿಗೆ ಬಿಚ್ಚಿ ಕೊಡ್ತಿದ್ಲು.”

ಗಾಡಿ ಹೊರಟಿತು. ಸ್ಮಶಾನದಲ್ಲಿ ಎಲ್ಲ ಬೇಗ ಮುಗಿಯಿತು. ಮುಗಿದ ಮೇಲೆ ಮಗ ದೂರದಿಂದ ಬಂದಿದ್ದ ಚಿಕ್ಕಮ್ಮನನ್ನು ಬಸ್ಸಿಗೆ ಹತ್ತಿಸಲು ಹೋದ. ಮಗಳು ಗಾರ್ಡ್ ಮಾವನೊಂದಿಗೆ ನಡೆದೇ ಹಿಂದಿರುಗಿದಳು. ಕಟ್ಟಡದ ಬಾಗಿಲಿಗೆ ಬಂದಾಗ ಅವಳು ಕೇಳಿದಳು.

“ಮಾವ, ಮೊನ್ನೆ ಮಧ್ಯಾಹ್ನ ನೀವು ಮನೇಲೇ ಇದ್ರಾ?”

“ಇದ್ದೆ.”

“ಅಮ್ಮನ ಹತ್ರ ಬಂದಿದ್ರಾ?”

ಅವನು ಕೈಕಂಬಿ ಹಿಡಿದು ನಿಂತ. “ಬಂದಿದ್ದೆ ಕಣಮ್ಮ. ಸುಳ್ಳು ಯಾಕೆ ಹೇಳ್ಲಿ. ಪೇಪರ್ ಕೊಡೋಣ ಅಂತ ಬಂದೆ. ಬಾಗಿಲು ಹಾಕಿತ್ತು. ಎಲ್ಲೋ ಹೊರಗೆ ಹೋಗಿದ್ದಾಳೆ ಅಂತ ವಾಪಸ್ ಹೋದೆ. ಟೀಚರಮ್ಮಾನೂ ಬಂದಿದ್ರಂತೆ. ಅವರೂ ಹಾಗೇ ಅಂದ್ಕೊಂಡು ಹೋದ್ರಂತೆ.”

ಲಕ್ವ ಹೊಡೆದು ಬಿದ್ದ ಮೇಲೂ ಸಂಜೆಯವರೆಗೆ ಉಸಿರಿತ್ತು ಎಂದು ವೈದ್ಯರು ಹೇಳಿದ್ದರು. ಮಧ್ಯಾಹ್ನವೇ ಯಾರಾದರೂ ನೋಡಿದ್ದರೆ, ಎಂದು ಆರಂಭಿಸಿ, ಮಗಳ ಮುಖ ನೋಡಿ, ಮಾತನ್ನು ಅಷ್ಟಕ್ಕೇ ಬಿಟ್ಟಿದ್ದರು.

ಅವಳು ಎರಡು ಮೆಟ್ಟಿಲು ಹತ್ತಿದಳು. ನಿಂತಳು. ತಿರುಗಿದಳು.

“ಮಾವ, ಒಂದು ವಿಷಯ ಹೊಂದ್ತಿಲ್ಲ. ಅಮ್ಮ ಎರಡು ವರ್ಷದಿಂದ ಹಗಲು ಹೊತ್ತು ಚಿಲಕ ಹಾಕ್ಕೊಂಡೇ ಇರ್ತಿದ್ಲು. ಹಾಗಿದ್ಮೇಲೆ, ಹಾಕಿದ ಬಾಗಿಲು ನೋಡಿ ಹೊರಗೆ ಹೋಗಿದ್ದಾಳೆ ಅಂತ ನೀವು ಹೇಗೆ ಅಂದ್ಕೊಂಡ್ರಿ?”

ಗಾರ್ಡ್ ಮಾವ ಮತ್ತೆ ಕನ್ನಡಕಕ್ಕೆ ಕೈ ಹಾಕಿದ.

“ಕನ್ನಡಕ ಬಿಡಿ ಮಾವ. ಹೇಳಿ.”

“ಹೇಳಿ ಏನುಪಯೋಗ?”

“ನನಗೆ ಗೊತ್ತಾಗ್ಬೇಕು.”

“ಹಾಕ್ತಿದ್ಲು,” ಎಂದ ಅವನು ನೆಲ ನೋಡುತ್ತ. “ನಿನ್ನ ಫೋನ್ ಬಂದಾಗ ಹಾಕ್ತಿದ್ಲು. ನಿನಗೆ ಸದ್ದು ಕೇಳಿಸಿ, ಫೋನಿಟ್ಟು, ತಿರುಗಿ ಬಂದು ತೆಗೀತಿದ್ಲು. ಇಡೀ ಮಹಡಿಗೆ, ಮೇಲಿನವರಿಗೂ ಗೊತ್ತು. ಚಿಲಕ ಬಿತ್ತು ಅಂದ್ರೆ ಟೀಚರಮ್ಮ, ‘ಮಗಳ ಫೋನ್ ಬಂತು’ ಅಂತಿದ್ರು. ನಾನೇ ಒಂದ್ಸಲ ಕೇಳಿದ್ದೆ, ಯಾಕಮ್ಮ ಈ ನಾಟಕ ಅಂತ. ‘ಅವಳಿಗೆ ಒಂದು ಸದ್ದು ಬೇಕು ಗಾರ್ಡಣ್ಣ, ಕೊಟ್ರೆ ನನ್ನ ಗಂಟೇನು ಹೋಗುತ್ತೆ’ ಅಂದ್ಲು.”

ಮಗಳು ಮೆಟ್ಟಿಲ ಮೇಲೆ ಕುಳಿತುಬಿಟ್ಟಳು. ಅಮ್ಮ ಬಿದ್ದಿದ್ದುದು ಫೋನಿಗೂ ಬಾಗಿಲಿಗೂ ನಡುವೆ, ತಲೆ ಬಾಗಿಲ ಕಡೆಗೆ. ಸಹಾಯಕ್ಕೆ ಹೊರಗೆ ಬರಲು ಹೊರಟಿದ್ದಳೆಂದು ಎಲ್ಲರೂ ಅಂದುಕೊಂಡಿದ್ದರು.

“ತೆಗೆಯೋಕೆ ಹೋಗ್ತಿದ್ಲು,” ಎಂದಳು.

“ನಿನ್ನ ತಪ್ಪು ಅಂತ ಯಾರು ಹೇಳಿದ್ರು? ನನ್ನ ಸರ್ವೀಸೆಲ್ಲ ಸಿಗ್ನಲ್ ನೋಡಿ ರೈಲು ಬಿಟ್ಟವ್ನು ನಾನು. ಬಾಗಿಲು ಹಾಕಿದೆ, ಇಲ್ಲ ಅಂತ ಅರ್ಥ, ಮುಗೀತು. ಒಂದ್ಸಲ ಜೋರಾಗಿ ಕೂಗಿ ನೋಡೋಣ ಅಂತ ಹೊಳೀಲೇ ಇಲ್ಲ ನೋಡು ಈ ಮುದಿ ತಲೆಗೆ.” ಅವನು ಅಂಗೈಯಿಂದ ಕೈಕಂಬಿ ತಟ್ಟಿದ. “ನಿನ್ನ ತಮ್ಮನಿಗೆ ನಾವ್ಯಾರೂ ಹೇಳಿಲ್ಲ. ಹೇಳೋದೂ ಇಲ್ಲ. ನೀನೂ ಹೇಳ್ಬೇಡ.”

*

ಮೊನ್ನೆ ಮಧ್ಯಾಹ್ನ ಪ್ರಯೋಗಾಲಯದಲ್ಲಿ ಮಾದರಿಗಳ ರಾಶಿ ಬಿದ್ದಿತ್ತು. ಅವಳು ರಿಸೀವರನ್ನು ಭುಜಕ್ಕೂ ಕಿವಿಗೂ ಒತ್ತಿ ಹಿಡಿದು, ಶೀಷೆಗಳಿಗೆ ಗುರುತು ಹಾಕುತ್ತಲೇ ಮಾತಾಡಿದ್ದಳು.

“ಬೆಳಗ್ಗಿಂದ ಎಡಗೈ ಜೋಮು ಹಿಡಿದ ಹಾಗಿದೆ ಕಣೆ,” ಎಂದಿದ್ದಳು ಅಮ್ಮ. “ಕತ್ತರಿ ಹಿಡಿದ್ರೆ ಜಾರ್ತಿದೆ.”

“ಒಂದೇ ಕಡೆ ಒರಗಿ ಕೂತಿರ್ತೀಯ, ಅದಕ್ಕೆ. ಬಾಗಿಲು?”

“ಹಾಕಿದೆ.”

“ಅಮ್ಮಾ.”

“ಆಯ್ತು ಮಹಾರಾಯ್ತಿ, ಇರು.”

ಚಪ್ಪಲಿಯ ಸದ್ದು ಎಂದಿಗಿಂತ ನಿಧಾನವಾಗಿತ್ತು. ಚಿಲಕ ಒಂದೇ ಸಲಕ್ಕೆ ಬೀಳಲಿಲ್ಲ. ಕಿರುಗುಟ್ಟಿತು, ನಿಂತಿತು, ಮತ್ತೆ ಕಿರುಗುಟ್ಟಿತು. ಕೊನೆಗೆ ಬಿತ್ತು. ಅವಳು ಅದನ್ನೆಲ್ಲ ಸ್ಪಷ್ಟವಾಗಿ ಕೇಳಿಸಿಕೊಂಡಿದ್ದಳು, ಬಿದ್ದದ್ದನ್ನು ಮಾತ್ರ ಲೆಕ್ಕಕ್ಕೆ ಹಿಡಿದಿದ್ದಳು.

“ಕೇಳಿಸ್ತಾ?”

“ಹೂಂ. ಕೇಳಿಸ್ತು.”

*

ಮನೆ ಖಾಲಿಯಿತ್ತು. ಬಾಗಿಲನ್ನು ನಾಳೆ ಬಂದು ಕೂರಿಸುತ್ತೇನೆಂದು ಬಡಗಿ ಹೋಗಿದ್ದ. ತಮ್ಮ ಇನ್ನೂ ಬಂದಿರಲಿಲ್ಲ. ಬಂದ ಮೇಲೆ ಅವನಿಗೆ ಹೇಳಬೇಕು. ಮೊದಲ ಮಾತು ಯಾವುದೆಂದು ಮಗಳಿಗೆ ತೋಚುತ್ತಿರಲಿಲ್ಲ. ಅಮ್ಮನ ಕೈ ಜೋಮು ಹಿಡಿದ ವಿಷಯ ಯಾರಿಗೂ ಗೊತ್ತಿರಲಿಲ್ಲ. ಅದು ಗಾರ್ಡ್ ಮಾವನಿಗೂ ಗೊತ್ತಿರಲಿಲ್ಲ.

ಚಳಿ ಎನ್ನಿಸಿ ಅಮ್ಮನ ಶಾಲು ಹೊದ್ದುಕೊಂಡು, ಹೊಲಿಗೆ ಯಂತ್ರದ ಮುಂದೆ, ಬಾಗಿಲಿಲ್ಲದ ಚೌಕಟ್ಟಿಗೆ ಬೆನ್ನು ಮಾಡಿ ಕುಳಿತಳು. ಸೂಜಿಯ ಕೆಳಗೆ ರವಿಕೆಯ ಒಂದು ತೋಳು ಅರ್ಧ ಹೊಲಿದು ನಿಂತಿತ್ತು. ನೇರವಾಗಿ ಬಂದ ಹೊಲಿಗೆ ಕೊನೆಯ ಒಂದು ಗೇಣಿನಲ್ಲಿ ಎಡಕ್ಕೆ ಜಾರಿತ್ತು. ಅವಳು ಅದರ ಮೇಲೆ ಬೆರಳಾಡಿಸಿದಳು.

ಹಿಂದೆ ಚಪ್ಪಲಿ ಬಿಟ್ಟ ಸದ್ದಾಯಿತು. ಕೇಳದೆ, ತಟ್ಟದೆ, ಯಾರೋ ಒಳಗೆ ಬಂದೇಬಿಟ್ಟರು.

“ಉಸ್ಸಪ್ಪಾ, ಮೂರು ಮಹಡಿ ಹತ್ತೋಷ್ಟರಲ್ಲಿ ಪ್ರಾಣ ಹೋಗುತ್ತೆ. ಏನು ಟೈಲರಮ್ಮ, ಬಾಗಿಲನ್ನೇ ಕಿತ್ತು ಹಾಕಿದ್ದೀರಾ? ಒಳ್ಳೇದೇ ಆಯ್ತು ಬಿಡಿ, ಇನ್ನು ಓರೆಯಾಗಿ ನುಸುಳೋದು ಬೇಡ.”

ಹೆಂಗಸಿನ ದನಿ. ಸಲಿಗೆಯ, ಗಟ್ಟಿಯಾದ, ಕಿವಿ ಮಂದವಾದವರೊಂದಿಗೆ ಮಾತಾಡಿ ಅಭ್ಯಾಸವಾದ ದನಿ. ಮಗಳ ಬೆರಳು ಹೊಲಿಗೆಯ ಮೇಲೇ ನಿಂತಿತು.

“ನೀವು ಏಳ್ಬೇಡಿ, ಆ ಹೊಲಿಗೆ ಮುಗಿಸ್ಕೊಳ್ಳಿ. ಮೊನ್ನೆ ಮಧ್ಯಾಹ್ನ ಅಷ್ಟು ದೂರದಿಂದ ಬಂದ್ರೆ ಹಾಕಿತ್ತಲ್ಲ, ಎಲ್ಲಿ ಹೋಗಿದ್ರಿ? ನಾನೂ ಎಂಥ ಪೆದ್ದಿ ನೋಡಿ, ಬಾಗಿಲಿಗೇ ಒರಗಿ ಕೂತಿದ್ದೆ ಸ್ವಲ್ಪ ಹೊತ್ತು, ಈಗ ಬರ್ತಾರೆ, ಈಗ ಬರ್ತಾರೆ ಅಂತ.”

ಮಗಳು ನಿಧಾನವಾಗಿ ಎದ್ದು ತಿರುಗಿದಳು. ಅಷ್ಟರಲ್ಲಿ ಆ ಹೆಂಗಸು ತಂದಿದ್ದ ಬಟ್ಟೆಯನ್ನು ಮೇಜಿನ ಮೇಲೆ ಇಟ್ಟು, ಅಳತೆಗೆಂದು ಗೋಡೆಯ ಕಡೆ ಮುಖ ಮಾಡಿ, ಎರಡೂ ಕೈಗಳನ್ನು ಅಗಲಕ್ಕೆ ಚಾಚಿ ನಿಂತಿದ್ದಳು. ಇನ್ನೂ ಏನೇನೋ ಹೇಳುತ್ತಲೇ ಇದ್ದಳು. ಒಮ್ಮೆ, ಅಳತೆಯ ಪಟ್ಟಿ ಬೆನ್ನಿಗೆ ತಾಗಲು ತಡವಾಯಿತೆಂದು, ಇಳಿದಿದ್ದ ಕೈಗಳನ್ನು ಮತ್ತೆ ಸ್ವಲ್ಪ ಮೇಲಕ್ಕೆತ್ತಿದಳು.