ಗಲಿಲಾಯ ಬ್ಯಾಂಡಿನ ಮೊದಲ ಕ್ಯಾಸೆಟ್

ಕ್ಯಾಸೆಟ್ ಬಿಡುಗಡೆಗೆ ಕಾರವಾರದಲ್ಲಿ ಬಂದವರು ಒಟ್ಟು ಹದಿನಾಲ್ಕು ಜನ. ಅವರಲ್ಲಿ ಒಬ್ಬ ಸಭಾಂಗಣದ ವಾಚ್‌ಮನ್. ಇಬ್ಬರು ಕುರ್ಚಿ ಬಾಡಿಗೆಗೆ ಕೊಟ್ಟವರು; ಯಾವಾಗ ಮುಗಿದೀತು, ಯಾವಾಗ ಕುರ್ಚಿ ಮಡಚಿಯೇವು ಎಂದು ಬಾಗಿಲಲ್ಲೇ ನಿಂತಿದ್ದರು. ಇನ್ನೊಬ್ಬ ಮುದುಕ ಯಾರದೋ ಮದುವೆಯೆಂದು ತಿಳಿದು ಒಳಗೆ ಬಂದವನು. ಊಟ ಇಲ್ಲವೆಂದು ಗೊತ್ತಾದ ಮೇಲೂ, ಪಾಪ, ಕೊನೆಯವರೆಗೆ ಕೂತ. ಇಷ್ಟು ಸಾಲದು ಎಂಬಂತೆ ಬಿಡುಗಡೆ ಮಾಡಲು ಇದ್ದದ್ದು ಒಂದೇ ಒಂದು ಕ್ಯಾಸೆಟ್. ಉಳಿದ ಮುನ್ನೂರು ಮಡಗಾವಿನ ಸ್ಟುಡಿಯೋದಿಂದ ಬಂದೇ ಇರಲಿಲ್ಲ. ಡ್ರಮ್ಮಿನ ಹಿಂದೆ ಕೂತ ವಿನುತಾ ಪ್ರತಿ ಹಾಡಿನ ನಡುವೆ ತಲೆ ಎಣಿಸಿದಳು. ಎಷ್ಟು ಸಲ ಎಣಿಸಿದರೂ ಹದಿನಾಲ್ಕೇ. ಅವಳಿಗೆ ಸ್ಟೇಜಿನ ಕೆಳಗೆ ನುಸುಳಿ ಮಲಗಿಬಿಡೋಣ ಅನ್ನಿಸಿತು.

ಇದು ಎರಡು ಸಾವಿರದ ನಾಲ್ಕನೇ ಇಸವಿಯ ನವೆಂಬರಿನ ಮಾತು. ಯೇಸುವಿನ ಹಾಡನ್ನು ಹಾರ್ಮೋನಿಯಂ ಬಿಟ್ಟು ಎಲೆಕ್ಟ್ರಿಕ್ ಗಿಟಾರಿನಲ್ಲಿ, ಅದೂ ಕಿವಿ ಗುಂಯ್‌ಗುಡುವಷ್ಟು ಜೋರಾಗಿ ಹಾಡಬೇಕೆಂಬ ಹುಚ್ಚು ಹಬ್ಬುವಾಡದ ಇನಾಸ ಫರ್ನಾಂಡಿಸನ ತಲೆಗೆ ಹತ್ತಿ ಮೂರು ವರ್ಷವಾಗಿತ್ತು. ರಾಕ್ ಬ್ಯಾಂಡ್ ಕಟ್ಟುತ್ತೇನೆ ಅಂದ. ಹೆಸರು ಗಲಿಲಾಯ, ಯೇಸು ಓಡಾಡಿದ ಸೀಮೆಯದು, ಅಂದ. ಇಗರ್ಜಿಯ, ಅಂದರೆ ಚರ್ಚಿನ, ಹುಡುಗರೆಲ್ಲ ಮೊದಲು ಕುಣಿದಾಡಿ ಬಂದರು, ಆಮೇಲೆ ಒಬ್ಬೊಬ್ಬರೇ ಗೋವಾಕ್ಕೆ ಕೆಲಸಕ್ಕೆ ಹೋದರು. ಕೊನೆಗೆ ಅವನ ಜೊತೆ ಉಳಿದವರು ಇಬ್ಬರು. ಬೇಸ್ ಗಿಟಾರಿಗೆ ಕದ್ರಾದ ಸತೀಶ, ಪವರ್ ಹೌಸಿನ ಆಪರೇಟರರ ಮಗ. ಡ್ರಮ್ಮಿಗೆ ಬೈತಖೋಲದ ವಿನುತಾ, ಮೀನು ಮಾರುವ ಬೇಬಿಯ ಮಗಳು. ಅಂದರೆ ಕಾರವಾರದ ಏಕಮಾತ್ರ ಕ್ರಿಶ್ಚಿಯನ್ ರಾಕ್ ಬ್ಯಾಂಡಿನಲ್ಲಿ ಭಾನುವಾರ ಪೂಜೆಗೆ ಹೋಗುವವನು ಒಬ್ಬನೇ.

ವಿನುತಾ ಡ್ರಮ್ ಕಲಿತದ್ದು ಸಿಸ್ಟರುಗಳ ಶಾಲೆಯಲ್ಲಿ. ಆಗಸ್ಟ್ ಹದಿನೈದರ ಕವಾಯತಿಗೆ ಕೊರಳಿಗೆ ಡ್ರಮ್ ಹಾಕಿದವಳು ಆಮೇಲೆ ಅದನ್ನು ಬಿಡಲೇ ಇಲ್ಲ. ಹಬ್ಬುವಾಡದಲ್ಲಿ ಅಭ್ಯಾಸ ಮಾಡಿದರೆ ಅಕ್ಕಪಕ್ಕದವರು ಜಗಳಕ್ಕೆ ಬರುತ್ತಿದ್ದರು. ಹಾಗಾಗಿ ಇಡೀ ಬ್ಯಾಂಡು ಬೈತಖೋಲದಲ್ಲಿ ಅವಳ ಮಾವನ ಬಲೆ ಇಡುವ ಶೆಡ್ಡಿಗೆ ಬಂತು. ಸುತ್ತ ರಾಶಿ ಬಿದ್ದ ಬಲೆಗಳು ಸದ್ದನ್ನೆಲ್ಲ ನುಂಗಿಕೊಳ್ಳುತ್ತಿದ್ದವು. ಬೇಬಿ ಮಾತ್ರ ಸಂಜೆ ಬುಟ್ಟಿ ತೊಳೆಯುತ್ತ ಪ್ರತಿ ಹಾಡನ್ನೂ ಕೇಳಿಸಿಕೊಳ್ಳುತ್ತಿದ್ದಳು, ಅಭಿಪ್ರಾಯವನ್ನೂ ಕೊಡುತ್ತಿದ್ದಳು. ಕ್ಯಾಸೆಟ್ಟಿನ ಮುಖ್ಯ ಹಾಡು ಬೈಬಲ್ಲಿನ ಬೆಸ್ತ ಸೀಮೋನನದು: ರಾತ್ರಿಯೆಲ್ಲ ಬಲೆ ಬೀಸಿ ಏನೂ ಸಿಗದವನಿಗೆ ಯೇಸು ಇನ್ನೊಂದು ಸಲ ಬೀಸು ಅಂದದ್ದು, ಬಲೆ ಹರಿಯುವಷ್ಟು ಮೀನು ಬಿದ್ದದ್ದು, ಎಲ್ಲವನ್ನೂ ದಡದಲ್ಲಿ ಬಿಟ್ಟು ಅವನೂ ಜೊತೆಯವರೂ ಯೇಸುವಿನ ಹಿಂದೆ ಹೋದದ್ದು. ಬೇಬಿಗೆ ಅದು ಗಂಟಲಿನಲ್ಲಿ ಸಿಕ್ಕಿಕೊಂಡಿತು.

"ಅಷ್ಟು ಮೀನು ಬಿಟ್ಟು ಹೋದ್ರು ಅಂತೀರಲ್ಲ, ಆ ಮೀನು ಯಾರು ಮಾರಿದ್ರು?" ಎಂದು ಕೇಳಿದಳು.

"ಬೈಬಲ್ಲಿನಲ್ಲಿ ಅದು ಬರ್ದಿಲ್ಲ ಮೌಶಿ," ಎಂದ ಇನಾಸ.

"ಬರೀಲಿಲ್ಲ ಅಂದ್ರೆ ಹೆಂಗಸ್ರು ಮಾರಿದ್ದಾರೆ. ಹೆಂಗಸ್ರು ಮಾಡಿದ್ದು ಯಾರು ಬರೀತಾರೆ?" ಎಂದು ಬೇಬಿ ಬುಟ್ಟಿ ಕವುಚಿ ಹಾಕಿ ಹೋದಳು.

ಇಂಥ ಬ್ಯಾಂಡು ಈಗ ಮುಳುಗುವುದರಲ್ಲಿತ್ತು. ಹದಿನಾಲ್ಕು ಜನರ ಆ ಸಂಜೆ ಮುಗಿದ ಮೇಲೆ ಇನಾಸ ಗಿಟಾರನ್ನು ಚೀಲಕ್ಕೆ ಹಾಕುತ್ತ ಸಂಗತಿ ಬಿಚ್ಚಿದ. ಅವನ ಚಿಕ್ಕಪ್ಪ ವಾಸ್ಕೋದಲ್ಲಿ ಹಡಗಿನ ಕೆಲಸ ಹುಡುಕಿಟ್ಟಿದ್ದರು. ಮುಂದಿನ ಸೋಮವಾರ ಹೋಗಿ ಸಹಿ ಹಾಕಬೇಕು. ಹಾಕಿದರೆ ವರ್ಷಗಟ್ಟಲೆ ಊರಿನ ಮುಖ ನೋಡುವ ಹಾಗಿಲ್ಲ.

"ಭಾನುವಾರ ಅಂಕೋಲೆದು ಒಂದು ಕಾರ್ಯಕ್ರಮ ಅದೆ," ಎಂದ. "ಅಲ್ಲೂ ಹಿಂಗೇ ಆದ್ರೆ ನಾ ಹೋಗ್ತೆ ವಿನು. ಯಾರಿಗೂ ಬೇಡದ ಹಾಡು ಎಷ್ಟು ದಿವ್ಸ ಹಾಡೂದು?"

ಇನಾಸ ಹೋದರೆ ಬ್ಯಾಂಡಿಲ್ಲ, ಬ್ಯಾಂಡಿಲ್ಲದಿದ್ದರೆ ಡ್ರಮ್ಮಿಲ್ಲ. ಝೆರಾಕ್ಸ್ ಅಂಗಡಿಯಲ್ಲಿ ದಿನವಿಡೀ ನಿಂತು ಬರುವ ಇಪ್ಪತ್ಮೂರು ವರ್ಷದ ಹುಡುಗಿಗೆ ತಾನು ಯಾರೋ ಒಬ್ಬಳು ಅನ್ನಿಸುತ್ತಿದ್ದದ್ದು ಆ ಶೆಡ್ಡಿನಲ್ಲಿ ಮಾತ್ರ. ಮನೆಗೆ ಹೋಗಿ ಮುಖ ತೊಳೆಯುವ ನೆಪದಲ್ಲಿ ಬಚ್ಚಲಲ್ಲಿ ಸಾಕಷ್ಟು ಅತ್ತಳು.

ಮುನ್ನೂರು ಕ್ಯಾಸೆಟ್ ಕೊನೆಗೂ ಗುರುವಾರ ಸಂಜೆ ಬಂದವು, ಎರಡು ರಟ್ಟಿನ ಪೆಟ್ಟಿಗೆ. ಭಾನುವಾರದ ಟೆಂಪೋದಲ್ಲಿ ಡ್ರಮ್ಮು, ಆಂಪ್ಲಿಫೈಯರು ತುಂಬಿದರೆ ಪೆಟ್ಟಿಗೆಗೆ ಜಾಗವಿರಲಿಲ್ಲ. ಬೇಬಿಯ ತವರು ಅಂಕೋಲೆಯ ಕಡೆಯ ಬೇಲೇಕೇರಿ. ಅಂಕೋಲೆಯಲ್ಲಿ ಅವಳಿಗೆ ಇಪ್ಪತ್ತು ವರ್ಷದಿಂದ ಕಾಯಂ ಮನೆಗಳಿದ್ದವು, ದಿನಾ ಬೆಳಿಗ್ಗೆ ಮೀನಿನ ಟೆಂಪೋದಲ್ಲಿ ಹೋಗುತ್ತಿದ್ದಳು. ಇನಾಸ ಬಂದು ಕೇಳಿದ: "ಮೌಶಿ, ಈ ಪೆಟ್ಟಿಗೆ ಅಂಕೋಲೆ ಇಗರ್ಜಿಯ ಪಾದ್ರಿಗಳ ಹತ್ರ ಇಟ್ಟು ಬತ್ತೀರಾ? ಭಾನುವಾರ ಅಲ್ಲೇ ಮಾರೂಕೆ."

ಬೇಬಿ ಒಂದು ಕ್ಯಾಸೆಟ್ ತೆಗೆದು ಹಿಂದೆ ಮುಂದೆ ನೋಡಿದಳು. ಮೇಲೆ ವಿನುತಾಳ ಮಾವನ ದೋಣಿಯ ಚಿತ್ರ, ಒಳಗೆ ಚೀಟಿಯಲ್ಲಿ ಮಗಳ ಹೆಸರು. "ಇದು ನಿಮ್ಮ ಮೊದಲ್ನೇದೇ ಅಲ್ಲಾ?" ಎಂದು ಕೇಳಿದಳು. ಹೌದು ಎಂದ ಇನಾಸ. ಬೇಬಿ ಪೆಟ್ಟಿಗೆಗಳನ್ನು ಬಂಗಡೆ ಮೀನಿನ ಬುಟ್ಟಿಯ ಪಕ್ಕಕ್ಕೆ ಎಳೆದಿಟ್ಟುಕೊಂಡಳು. ಶುಕ್ರವಾರ ಹೋಗಿ ಬಂದಳು, ಶನಿವಾರವೂ ಹೋಗಿ ಬಂದಳು. ವಿನುತಾ ವಿಚಾರಿಸಲು ಹೋಗಲಿಲ್ಲ. ಆಯಿಗೆ, ಅಂದರೆ ಅಮ್ಮನಿಗೆ, ವಹಿಸಿದ ಕೆಲಸವನ್ನು ಮರಳಿ ಕೇಳಿದರೆ ಅವಳಿಗೆ ಮೂಗಿನ ತುದಿಗೆ ಸಿಟ್ಟು ಬರುತ್ತಿತ್ತು.

ಭಾನುವಾರ ಮೂರು ಗಂಟೆಗೆ ಅಂಕೋಲೆ ಇಗರ್ಜಿಯ ಸಭಾಭವನದ ಮುಂದೆ ಡ್ರಮ್ ಇಳಿಸಿ ಇನಾಸ ಪಾದ್ರಿಗಳ ಹತ್ತಿರ ಪೆಟ್ಟಿಗೆ ಕೇಳಿದ.

"ಪೆಟ್ಟಿಗೆಯಾ?" ಎಂದರು ಪಾದ್ರಿಗಳು. "ನಂಗೆ ಒಂದೇ ಕ್ಯಾಸೆಟ್ ಕೊಟ್ಟದ್ದು. ನಾಲ್ಕು ಬಂಗಡೆ ಸಂಗ್ತಿಗೆ. ವಾಸನೆ ಹೋಗ್ಲಿ ಅಂತ ಕಿಟಕಿಯಲ್ಲಿಟ್ಟಿದ್ದೆ."

ಅಷ್ಟರಲ್ಲಿ ಬೇಬಿಯೇ ಬಂದಳು. ಗೌರಿ ಹಬ್ಬಕ್ಕೆ ಉಡುವ ಹಸಿರು ಸೀರೆ, ತಲೆ ತುಂಬ ಅಬ್ಬಲಿಗೆ ಹೂವು. ಮಗಳು ಕೇಳುವ ಮೊದಲೇ ಖುಷಿಯಿಂದ ವರದಿ ಒಪ್ಪಿಸಿದಳು. ಒಂದೂ ಉಳಿದಿಲ್ಲ. ಬ್ಯಾಂಕಿನವರ ಮನೆ, ಮಾಸ್ತರರ ಮನೆ, ಬಸ್ ಸ್ಟ್ಯಾಂಡಿನ ಹೋಟೆಲ್ಲು, ತರಕಾರಿ ಮಾರುವ ಹಾಲಕ್ಕಿ ಒಕ್ಕಲ ಹೆಂಗಸರು, ಟೆಂಪೋದವರು, ಎಲ್ಲರಿಗೂ ಕೊಟ್ಟಾಯಿತು. ಒಬ್ಬರ ಹತ್ತಿರವೂ ಬಿಡಿಗಾಸು ತೆಗೆದುಕೊಂಡಿಲ್ಲ.

"ಮಾರೂಕೆ ಅಂತ ಹೇಳಿದ್ವಲ್ಲ ಆಯಿ," ಎಂದಳು ವಿನುತಾ.

"ನೀವು ಹೇಳಿದ್ರಿ. ನಿಮಗೆ ತಿಳೀದೆ ಹೇಳಿದ್ರಿ," ಎಂದಳು ಬೇಬಿ. "ಹೊಸ ದೋಣಿ ಇಳಿಸಿದ್ರೆ ಮೊದಲ್ನೇ ಮೀನು ಯಾರಾದ್ರೂ ಮಾರ್ತಾರನಾ? ಮನೆ ಮನೆಗೆ ಹಂಚಬೇಕು. ಮಾರಿದ್ರೆ ಆ ದೋಣಿ ಮತ್ತೆ ಮೀನು ಕಾಣೂದಿಲ್ಲ. ಇನಾಸಂಗೆ ಗೊತ್ತಿಲ್ಲ, ಅವ ಹಬ್ಬುವಾಡದವ, ದೋಣಿ ಕಂಡವನಲ್ಲ. ನಿಂಗೆ ಎಂತಾಯ್ತು?"

ವಿನುತಾಳಿಗೆ ಗೊತ್ತಿತ್ತು. ಚೆನ್ನಾಗಿ ಗೊತ್ತಿತ್ತು. ಮಾವ ಹೊಸ ದೋಣಿ ತಂದ ವರ್ಷ ಅವಳೇ ಬುಟ್ಟಿ ಹಿಡಿದು ನಲವತ್ತು ಮನೆಗೆ ತಾರ್ಲಿ ಮೀನು ಕೊಟ್ಟು ಬಂದಿದ್ದಳು. ಆದರೆ ರಾಕ್ ಬ್ಯಾಂಡಿನ ಕ್ಯಾಸೆಟ್ಟಿಗೂ ಆ ಕಟ್ಟಳೆ ಹತ್ತುತ್ತದೆ ಎಂದು ಯಾವ ಜನ್ಮದಲ್ಲಿ ಯೋಚಿಸಿಯಾಳು? ಇನಾಸ ಆಂಪ್ಲಿಫೈಯರಿನ ಮೇಲೆ ಕುಕ್ಕರಿಸಿದ. ಆಮೇಲೆ ಸಣ್ಣಗೆ ನಕ್ಕ. ಅದು ಎಲ್ಲ ಬಿಟ್ಟವನ ನಗು ಎಂದು ವಿನುತಾಳಿಗೆ ಗೊತ್ತಾಯಿತು.

"ಹೋಗ್ಲಿ ಬಿಡಿ ಮೌಶಿ," ಎಂದ. "ಹೆಂಗೂ ನಾಳೆ ನಾ ವಾಸ್ಕೋಕ್ಕೆ ಹೋಗ್ತೆ."

ಐದು ಗಂಟೆಯಾಯಿತು. ಇನ್ನೂರು ಕುರ್ಚಿ, ಒಬ್ಬರೂ ಇಲ್ಲ. ಸತೀಶ ಒಂದೇ ತಂತಿಯನ್ನು ಹತ್ತು ಸಲ ಶ್ರುತಿ ಮಾಡಿದ. ಐದೂ ಹತ್ತಕ್ಕೆ ದೇವಿ ಎಂಬ ಹಾಲಕ್ಕಿ ಹೆಂಗಸು ತರಕಾರಿ ಬುಟ್ಟಿಯನ್ನು ಹೊರಗಿಟ್ಟು ಒಳಗೆ ಬಂದು ಮೊದಲ ಸಾಲಿನಲ್ಲಿ ನೆಲದ ಮೇಲೆಯೇ ಕೂತಳು. ಅವಳ ಹಿಂದೆ ಇನ್ನೂ ಆರು ಜನ ಹೆಂಗಸರು. ಐದೂ ಕಾಲಿಗೆ ಟೆಂಪೋ ಓಡಿಸುವ ಬೀರಾ ಎರಡು ಗಾಡಿ ಜನರನ್ನು ಬಾಗಿಲಿಗೇ ತಂದು ಇಳಿಸಿದ. ಬ್ಯಾಂಕಿನವರು ಹೆಂಡತಿ ಮಕ್ಕಳ ಸಮೇತ ಬಂದರು. ನಿವೃತ್ತ ಶಿಕ್ಷಕ ರಾಮನಾಥ ಮಾಸ್ತರರು ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು, ಕೈಯಲ್ಲಿ ಟಾರ್ಚು ಹಿಡಿದು ಬಂದರು. ಹೋಟೆಲ್ಲಿನವನು ಅಂಗಡಿ ಬಾಗಿಲು ಎಳೆದು ಬಂದಿದ್ದ. ಕುರ್ಚಿ ಮುಗಿದವು, ಕಿಟಕಿಗಳೂ ತುಂಬಿದವು. ಪಾದ್ರಿಗಳು ಇಗರ್ಜಿಯ ಬೆಂಚುಗಳನ್ನು ಹೊರಿಸಿ ತಂದರು.

ವಿನುತಾ ಮೂಲೆಯಲ್ಲಿ ನಿಂತಿದ್ದ ಆಯಿಯನ್ನು ಹಿಡಿದಳು. "ಇವರಿಗೆಲ್ಲ ಎಂತ ಹೇಳಿದೆ?"

"ಎಂತ ಹೇಳೂದು? ಇದ್ದದ್ದೇ ಹೇಳಿದೆ. ಮೊದಲ್ನೇ ಮೀನು ತಿಂದವ್ರು ಬಲೆ ಎಳೂಕೆ ಒಂದು ಕೈ ಹಾಕಬೇಕಲೆ. ನನ್ನ ಮಗಳ ಬಲೆ ಭಾನುವಾರ ಐದಕ್ಕೆ ಎಳೀತಾರೆ, ಬನ್ನಿ ಅಂದೆ. ಬರದಿದ್ರೆ ಸೋಮವಾರ ಮೀನು ತಂದಾಗ ಕೇಳ್ತೆ ಅಂತಲೂ ಅಂದೆ."

ಮೊದಲ ಹಾಡನ್ನು ವಿನುತಾ ತಲೆಯೆತ್ತದೆ ಬಾರಿಸಿದಳು. ಎರಡನೆಯದಕ್ಕೆ ಒಂದು ವಿಚಿತ್ರ ಗಮನಕ್ಕೆ ಬಂತು. ಮುಂದಿನ ಸಾಲಿನ ಹೆಂಗಸರ ತುಟಿ ಅಲುಗುತ್ತಿದ್ದವು. ಹೋಟೆಲ್ಲಿನವನು ಗಿಟಾರು ಬರುವ ಮೊದಲೇ ಗಿಟಾರಿನ ಸದ್ದನ್ನು ಬಾಯಲ್ಲಿ ಮಾಡುತ್ತಿದ್ದ. ಎರಡು ದಿನ ಅಂಕೋಲೆಯಲ್ಲಿ ಬೇರೇನೂ ಕೇಳಿರಲಿಲ್ಲ ಎಂದು ಆಮೇಲೆ ತಿಳಿಯಿತು. ಬೀರಾ ಕಾರವಾರಕ್ಕೆ ಹೋಗಿ ಬರುವ ಪ್ರತಿ ಟ್ರಿಪ್ಪಿನಲ್ಲೂ ಅದನ್ನೇ ಹಾಕಿದ್ದ. ಹೋಟೆಲ್ಲಿನಲ್ಲಿ ಬೆಳಗಿನ ಬನ್ಸಿನಿಂದ ಹಿಡಿದು ರಾತ್ರಿಯ ಊಟದವರೆಗೆ ಅದೇ. ಪುಕ್ಕಟೆ ಸಿಕ್ಕಿದ ಕ್ಯಾಸೆಟ್ಟನ್ನು ಕೇಳದೆ ಬಿಡುವವರು ಯಾರಿದ್ದಾರೆ?

ಮೂರನೆಯದು ಸೀಮೋನನ ಹಾಡು, ಕ್ಯಾಸೆಟ್ಟಿನ ಎ ಸೈಡಿನ ಕೊನೆಯದು. ಇನಾಸ ಕಣ್ಣು ಮುಚ್ಚಿ ಹಾಡಲು ಶುರುಮಾಡಿ ಪಲ್ಲವಿಗೆ ಬಂದನೋ ಇಲ್ಲವೋ, ಕರೆಂಟು ಹೋಯಿತು. ಮೈಕು ಸತ್ತಿತು. ಎರಡು ಗಿಟಾರೂ ಸತ್ತವು. ಸಂಜೆಗತ್ತಲು ಸಭಾಭವನದೊಳಗೆ ನುಗ್ಗಿತು. "ಸತೀಶಾ, ನಿಮ್ಮಪ್ಪಂಗೆ ಒಂದು ಫೋನ್ ಮಾಡೋ," ಎಂದು ಇನಾಸ ಗೊಣಗಿದ, ಅಳುವವನ ಹಾಗೆ.

ವಿನುತಾಳ ಡ್ರಮ್ಮಿಗೆ ಕರೆಂಟು ಬೇಕಿರಲಿಲ್ಲ. ಕೈ ನಿಲ್ಲಿಸಬೇಕು ಎಂದು ಅವಳಿಗೆ ಹೊಳೆಯಲೂ ಇಲ್ಲ. ಆ ಕತ್ತಲಲ್ಲಿ ಅವಳೊಬ್ಬಳೇ ಬಾರಿಸುತ್ತಿದ್ದಾಗ ಎದುರಿನಿಂದ ಒಂದು ಹೆಂಗಸಿನ ದನಿ ಎದ್ದಿತು: "ಇನ್ನೊಂದೇ ಸಲ ಬೀಸು, ಸೀಮೋನಾ, ಇನ್ನೊಂದೇ ಸಲ." ಅದು ಹಾಲಕ್ಕಿ ದೇವಿಯದು. ಹಿಂದೆಯೇ ಬೀರಾ ಮತ್ತು ಅವನ ಎರಡು ಗಾಡಿ ಜನ. ಆಮೇಲೆ ಇಡೀ ಸಭಾಭವನ. ಯಾರಿಗೂ ಶ್ರುತಿ ಇರಲಿಲ್ಲ, ಯಾರೂ ಯಾರಿಗಾಗಿಯೂ ಕಾಯಲಿಲ್ಲ, ಆದರೆ ತಾಳ ಮಾತ್ರ ಅವಳದೇ ಹಿಡಿದರು. ಮುನ್ನೂರು ಜನ ತನ್ನ ಕೈಯ ಹಿಂದೆ ಬರುತ್ತಿದ್ದಾರೆ ಎಂದು ವಿನುತಾಳಿಗೆ ಹುಚ್ಚು ಸಂತೋಷವಾಯಿತು. ನಗು ತಡೆಯಲಾಗಲಿಲ್ಲ, ಕಣ್ಣೀರೂ ತಡೆಯಲಾಗಲಿಲ್ಲ, ಎರಡನ್ನೂ ಒರೆಸಿಕೊಳ್ಳಲು ಕೈ ಖಾಲಿ ಇರಲಿಲ್ಲ.

ಪಲ್ಲವಿ ಹತ್ತು ಸಲ ಆಯಿತು, ಹನ್ನೆರಡು ಸಲ ಆಯಿತು. ಈ ಹಾಡನ್ನು ಮುಗಿಸುವುದು ಹೇಗೆ ಎಂದು ಅವಳು ಗಾಬರಿಯಾಗುವಷ್ಟರಲ್ಲಿ ಜನರೇ ಮುಗಿಸತೊಡಗಿದರು. ಮಡಗಾವಿನ ಸ್ಟುಡಿಯೋದವನು ಕ್ಯಾಸೆಟ್ಟಿನಲ್ಲಿ ಈ ಹಾಡಿನ ಕೊನೆಗೆ ಸದ್ದನ್ನು ಸ್ವಲ್ಪ ಸ್ವಲ್ಪವೇ ಇಳಿಸುತ್ತ ಹೋಗಿ ಇಲ್ಲವಾಗಿಸಿದ್ದ. ಅಂಕೋಲೆಯವರಿಗೆ ಆ ಹಾಡು ಗೊತ್ತಿದ್ದದ್ದು ಹಾಗೆಯೇ. ಹಾಗಾಗಿ ಮುನ್ನೂರು ಜನವೂ ಒಟ್ಟಿಗೆ ದನಿ ಇಳಿಸಿದರು, ಇನ್ನೂ ಇಳಿಸಿದರು, ಪಿಸುಮಾತಿಗೆ ಬಂದರು. ವಿನುತಾ ಕೋಲು ಬಿಟ್ಟು ಬೆರಳಿನ ತುದಿಯಲ್ಲಿ ಬಾರಿಸಿದಳು. ಕೊನೆಗೆ ತುಟಿಗಳು ಮಾತ್ರ ಅಲುಗಿದವು, ಆಮೇಲೆ ಅದೂ ನಿಂತಿತು.

ಇನಾಸ ಸತ್ತ ಮೈಕನ್ನು ಹಿಡಿದುಕೊಂಡೇ ಅವಳ ಕಡೆ ತಿರುಗಿದ. "ವಿನು," ಎಂದ. ಮೆಲ್ಲಗೆ ಅಂದದ್ದೇ, ಆದರೂ ಕೊನೆಯ ಸಾಲಿಗೂ ಕೇಳಿತು. "ನಾ ನಾಳೆ ವಾಸ್ಕೋಕ್ಕೆ ಹೋಗೂದಿಲ್ಲ."

"ಹೆಂಗೆ ಹೋಗ್ತೀಯೋ?" ಎಂದರು ಕತ್ತಲಲ್ಲಿ ರಾಮನಾಥ ಮಾಸ್ತರರು. "ಬಿ ಸೈಡ್ ಇನ್ನೂ ಬಾಕಿ ಅದೆ."