ಹೊಸ್ತಿಲ ಮೇಲಿನ ತಂಬಿಗೆ

“ಏ ಸಾವಂತ್ರಿ, ಬೊಗಳಬ್ಯಾಡ. ರಾಯರು ನಿನ್ನ ತಂಬಿಗಿಗೆ ಬಾಯಿ ಹಚ್ಚೇ ಇಲ್ಲ. ಹಂಗಂತ ಈ ಕಾಗದದ ಮ್ಯಾಲೆ ಹೆಬ್ಬಟ್ಟು ಒತ್ತು, ಮುಗೀತು.”

ರಾಯರ ಗುಮಾಸ್ತ ಬಿಂದುಮಾಧವ ಧೋತರದ ಅಂಚನ್ನು ಮೊಳಕಾಲಿನ ಮೇಲಕ್ಕೆತ್ತಿ ಹಿಡಿದು, ಗುಡಿಸಲಿನಿಂದ ಹತ್ತು ಮಾರು ದೂರ ನಿಂತಿದ್ದ. ಸಾವಂತ್ರವ್ವ ಪುಣೆಯ ಬೀದಿ ಗುಡಿಸುವವಳು; ವಿಜಾಪುರದ ಕಡೆಯಿಂದ ಗಂಡನ ಹಿಂದೆ ಬಂದವಳು. ಗಂಡ ತೀರಿಹೋಗಿ ವರ್ಷಗಳಾಗಿದ್ದವು. ಮಗಳು ನಾಗವ್ವ ಹೋಗಿ ಅಂದಿಗೆ ಹನ್ನೊಂದು ದಿನ.

“ಹಚ್ಚಿದ್ರಲ್ರೀ ಅಪ್ಪಾರ,” ಅಂದಳು. “ಗಟಗಟ ಕುಡಿದ್ರು. ಗದ್ದದ ಮ್ಯಾಲಿಂದ ನೀರು ಇಳೀತು, ನಾ ಕಂಡೀನಿ.”

“ಅವು ರಾಯರು ಮನಿಯಿಂದ ತಂದ ನೀರು.”

“ತಂಬಿಗಿನೂ ಮನಿಯಿಂದ ತಂದಿದ್ರೇನು?” ಪಕ್ಕದ ಗುಡಿಸಲಿನ ಬಾಳು ಬೀಡಿ ಹಚ್ಚುತ್ತ ಕೇಳಿದ. “ಹಲ್ಕಟ್ ಸೂಳಿಮಕ್ಕಳು. ಹೊಟ್ಟಿಗಿಳಿದ ನೀರಿಗೂ ಜಾತಿ ಬದಲಿ ಮಾಡ್ತಾರ.”

ಮಾರ್ತಾಂಡರಾಯರಿಗೆ ಮುನ್ಸಿಪಾಲಿಟಿಯ ಅಧ್ಯಕ್ಷರಾಗಬೇಕಿತ್ತು. ಯುಗಾದಿಯ ಹೊತ್ತಿಗೆ ಸುಧಾರಕ ಸದಸ್ಯರ ಮತ ಬೇಕಾದಾಗ ಅವರು ಕೇರಿಗೆ ಬಂದಿದ್ದರು. ಬೆಳಗಾವಿಯ ತಮ್ಮ ಮನೆಮಾತಿನಲ್ಲಿ ‘ಮನುಷ್ಯಾರೆಲ್ಲ ಒಂದಽ’ ಎಂದು ಹೇಳಿ, ನಳ ಹಾಕಿಸುವ ಮಾತು ಕೊಟ್ಟು, ಸಾವಂತ್ರವ್ವನ ಕೈಯಿಂದ ನೀರು ಇಸಿದುಕೊಂಡು ಕುಡಿದಿದ್ದರು. ಈಗ ಹಳೆಯ ಪೇಟೆಗಳ ಸನಾತನಿಗಳ ಮತ ಬೇಕಾಗಿತ್ತು. ಶಾಸ್ತ್ರದ ವಿಷಯಕ್ಕೆ ಮುನ್ಸಿಪಾಲಿಟಿ ಕೈ ಹಚ್ಚಬಾರದು ಎಂದು ರಾಯರೇ ಅನ್ನುತ್ತಿದ್ದರು. ಕೇರಿಯಲ್ಲೊಂದು ನಾಲಗೆ, ವಾಡೆಯಲ್ಲೊಂದು ನಾಲಗೆ ಎಂದು ಪತ್ರಿಕೆಗಳು ಬರೆದವು. ಮರುದಿನ ರಾಯರ ವಾಡೆಯಲ್ಲಿ ಆ ಸನಾತನಿ ಸದಸ್ಯರಿಗೆ ಊಟ. ಅಷ್ಟರಲ್ಲಿ ಹೆಬ್ಬಟ್ಟು ಬೇಕಿತ್ತು.

“ಒತ್ತದಿದ್ರ ನಾಳಿಂದ ನಿನ್ನ ಕಸಬರಿಗಿ ಇನ್ನೊಬ್ಬಾಕಿ ಹಿಡೀತಾಳ, ನೋಡು.”

ಸಾವಂತ್ರವ್ವ ತಿರುಗಿ ಒಳಗೆ ನೋಡಿದಳು. ಎಲ್ಲವ್ವನ ಜಗಲಿಯ ಮೇಲೆ ತಾಮ್ರದ ತಂಬಿಗೆ ಹೊಳೆಯುತ್ತಿತ್ತು. ತವರಿನವರು ಕೊಟ್ಟದ್ದು. ರಾಯರು ಬಾಯಿಟ್ಟ ದಿನದಿಂದ ಅದರಲ್ಲಿ ಯಾರೂ ನೀರು ಕುಡಿದಿರಲಿಲ್ಲ. ಹುಣಸೆಹಣ್ಣು ಹಾಕಿ ತಿಕ್ಕಿ, ಕುಂಕುಮ ಹಚ್ಚಿ, ದೇವಿಯ ಮಗ್ಗುಲಲ್ಲಿ ಇಟ್ಟಿದ್ದಳು. ತಾಯಿ ಮಗಳು ತಗಡಿನ ಡಬ್ಬಿಯಲ್ಲಿ ಕುಡಿಯುತ್ತಿದ್ದರು.

ಜ್ವರದಲ್ಲಿ ಬೇಯುತ್ತಿದ್ದ ನಾಗವ್ವ ಆ ತಂಬಿಗೆಯನ್ನೇ ನೋಡಿದ್ದಳು.

“ಯವ್ವಾ, ಡಬ್ಬಿ ನೀರು ತುಕ್ಕು ನಾರತಾವ. ಅದರಾಗ ಒಂದು ಗುಟುಕು ಕೊಡಽ. ತಣ್ಣಗಿರತಾವ.”

“ಬ್ಯಾಡ ನನ್ನವ್ವ. ದೊಡ್ಡವರು ಕುಡಿದದ್ದು. ಎಂಜಲಾಗತದ.”

ನಾಗವ್ವ ಮತ್ತೆ ಕೇಳಲಿಲ್ಲ. ತಾಯಿಯ ಮಾತು ಸರಿ ಎಂಬಂತೆ ಗೋಡೆಯ ಕಡೆ ಹೊರಳಿದಳು. ಹೊತ್ತು ಇಳಿಯುವಷ್ಟರಲ್ಲಿ ಕಣ್ಣು ನಿಂತವು.

“ಅಪ್ಪಾರ,” ಸಾವಂತ್ರವ್ವ ಮೆಲ್ಲಗೆ ಕೇಳಿದಳು, “ರಾಯರು ಬಾಯಿ ಹಚ್ಚಿಲ್ಲಂದ್ರ, ನನ್ನ ಮಗಳು ಯಾಕ ಬಾಯಾರಿ ಹೋದಳ್ರೀ?”

ಬಿಂದುಮಾಧವ ಹೆಬ್ಬಟ್ಟಿಲ್ಲದ ಕಾಗದ ಮಡಚಿದ. “ನಿನ್ನ ಮಗಳ ವಿಷಯ ಇದರಾಗ ಬರದಿಲ್ಲ.”

ಮರುದಿನ ಮಧ್ಯಾಹ್ನ ಸಾವಂತ್ರವ್ವ ಜಗಲಿಗೆ ಕೈ ಮುಗಿದು ತಂಬಿಗೆ ಇಳಿಸಿಕೊಂಡಳು. ತುಂಬ ನೀರು ಹಾಕಿಕೊಂಡು ಪೇಟೆಗೆ ನಡೆದಳು. ಮಾರ್ತಾಂಡರಾಯರ ವಾಡೆಯ ಹೊಸ್ತಿಲ ನಡುವೆ ಅದನ್ನಿಟ್ಟು, ಮೆಟ್ಟಿಲ ಕೆಳಗೆ ಬೀದಿಯಲ್ಲಿ ಕೂತಳು.

ಊಟ ಮುಗಿಸಿ ವೀಳ್ಯ ಮೆಲ್ಲುತ್ತ ಬಂದ ಅತಿಥಿಗಳು ಬಾಗಿಲಲ್ಲೇ ತಡೆದು ನಿಂತರು.

“ಹೊಲತಿ ತಂಬಿಗಿ ಅದು,” ಯಾರೋ ಅಂದರು. ಮುಟ್ಟುವಂತಿಲ್ಲ, ದಾಟುವಂತಿಲ್ಲ. ಕೋಲಿನಿಂದ ತಳ್ಳಿದರೆ ನೀರು ಒಳಗೇ ಹರಿಯುತ್ತದೆ.

“ಏ ಬಾಳ್ಯಾ, ಎತ್ತೋ ಅದನ್ನ,” ಬಿಂದುಮಾಧವ ಕೂಗಿದ.

ಎದುರಿನ ಗೋಡೆಗೆ ಕಸಬರಿಗೆ ಆನಿಸಿ ಕೇರಿಯ ಜನ ಸಾಲಾಗಿ ಕೂತಿದ್ದರು. ಸಾವಂತ್ರವ್ವನ ಸಲುವಾಗಿ ಬೆಳಗಿನಿಂದ ಅವರಲ್ಲಿ ಒಬ್ಬರೂ ಕೆಲಸ ಮುಟ್ಟಿರಲಿಲ್ಲ.

“ನಂದಲ್ರೀ ಅದು,” ಬಾಳು ಅಂದ. “ಕುಡಿದವರು ಎತ್ತಲಿ. ಅವರ ತುಟಿಗೆ ಗುರುತದ.”

ಹಿಂದಿನ ಬಾಗಿಲೊಂದಿತ್ತು. ಅದರಾಚೆಯ ಓಣಿ ಮಲ ಹೊರುವವರ ಹಾದಿ. ಅಂದು ಅದನ್ನು ಯಾರೂ ಬಳಿದಿರಲಿಲ್ಲ. ಸದಸ್ಯರು ಒಬ್ಬರ ಹಿಂದೊಬ್ಬರು ಮೂಗು ಮುಚ್ಚಿ, ಮಡಿ ಎತ್ತಿಕೊಂಡು ಆ ಓಣಿಯಲ್ಲೇ ಹೋದರು.

ರಾಯರು ಹೊಸ್ತಿಲಿಗೆ ಬಂದರು. ಬೀದಿಯ ಎರಡೂ ತುದಿ ನೋಡಿದರು. ದನಿ ತಗ್ಗಿಸಿದರು.

“ಸಾವಂತ್ರವ್ವ, ಈಗ ಯಾರೂ ಇಲ್ಲ. ಒಂದು ಗುಟುಕು ಕುಡಿದುಬಿಡತೀನಿ. ಆಮ್ಯಾಲೆ ಒಯ್ಯಿ ನಮ್ಮವ್ವ.”

ಎದುರು ಗೋಡೆಯುದ್ದಕ್ಕೂ ಕೂತ ಜನ ಅಲುಗಲಿಲ್ಲ.

ರಾಯರು ಬಗ್ಗಿ ಕೈ ಚಾಚಿದರು. ಸಾವಂತ್ರವ್ವ ಎದ್ದು ಬಂದು ತಂಬಿಗೆಯ ಬಾಯಿಗೆ ಅಂಗೈ ಮುಚ್ಚಿದಳು.

“ಬ್ಯಾಡ್ರೀ ಅಪ್ಪಾರ, ಎಂಜಲಾಗತದ,” ಅಂದಳು. “ನನ್ನ ಮಗಳು ಇನ್ನೂ ಕುಡಿದಿಲ್ಲ.”

ಬಿಸಿಲು ಹೊಸ್ತಿಲೇರಿತು. ಅವಳು ಕೈ ತೆಗೆಯಲಿಲ್ಲ. ಅಂಗೈ ಕೆಳಗೆ ತಾಮ್ರ ಕಾಯುತ್ತಿತ್ತು.