ಗೋಡೆಯ ಮೇಲಿನ ಬಾಯಿ

ಬೀದಿಗೆ ಬೀದಿಯೇ ಅವಳನ್ನು ಇಸ್ತ್ರಿಯಕ್ಕ ಎನ್ನುತ್ತಿತ್ತು. ಅವಳು ಅಕ್ಕ ಎಂದು ಕರೆಯುತ್ತಿದ್ದದ್ದು ಮಾತ್ರ ಒಬ್ಬಳನ್ನೇ, ನಗರದ ಆಚೆ ತುದಿಯಲ್ಲಿದ್ದ ಒಡಹುಟ್ಟಿದವಳನ್ನು. ಹೋದ ತಿಂಗಳು ಬಂದ ಆ ಅಕ್ಕ ಒಳಕೋಣೆಯ ಬಾಗಿಲಲ್ಲಿ ನಿಂತು, ಮಲಗಿದ್ದ ತಂಗಿಯ ಮಗಳ ಎದೆಯಲ್ಲಿ ಏಳುತ್ತಿದ್ದ ಸೀಟಿ ಕೇಳಿಸಿಕೊಂಡಳು.

“ಇದೇನು ಕೋಣೇನೋ ಒಲೇನೋ? ಆ ಗೋಡೆಗೊಂದು ಕಿಟಕಿ ಇಡಿಸು. ಶಾಲೆ ಶುರುವಾಗೋದರೊಳಗೆ ಇಡಿಸದೆ ಹೋದ್ಯೋ, ಮಗೂನ ನಾನು ಕರ್ಕೊಂಡು ಹೋಗ್ತೀನಿ. ಆಮೇಲೆ ಅತ್ತರೆ ಕೇಳೋಳಲ್ಲ ನಾನು.”

ಮುಂದಿನ ಕೋಣೆಯಲ್ಲಿ ಇಸ್ತ್ರಿಯ ಮೇಜು, ಹಿಂದಿನದರಲ್ಲಿ ಮಗಳ ಮಂಚ. ದಿನವಿಡೀ ಏಳುವ ಹಬೆ ಹಿಂದಕ್ಕೆ ಹೋಗಿ, ಬಂದ ನೆಂಟನ ಹಾಗೆ ಅಲ್ಲೇ ಕೂರುತ್ತಿತ್ತು. ಕಿಟಕಿ ಇಡಲು ಇದ್ದದ್ದು ಓಣಿಯ ಕಡೆಯ ಗೋಡೆ ಒಂದೇ. ಆ ಗೋಡೆಯ ಮೇಲೆ ಅವಳೇ ಇದ್ದಳು.

ಎರಡಾಳೆತ್ತರದ ಚಿತ್ರ, ಎದುರುಮನೆಯ ಗಡ್ಡದ ಚಿತ್ರಕಾರ ಮೂರು ವರ್ಷದ ಹಿಂದೆ ಬರೆದದ್ದು. ಕೈಯಲ್ಲಿ ಇಸ್ತ್ರಿಪೆಟ್ಟಿಗೆ, ಮುಖದ ತುಂಬ ಹಲ್ಲು. “ಅಷ್ಟು ಹಲ್ಲು ನನಗೆಲ್ಲಿದೆಯಪ್ಪಾ” ಎಂದು ಅವಳು ಅಂದಾಗ ಎಲ್ಲರೂ ನಕ್ಕಿದ್ದರು. ರಜೆಯ ದಿನ ನಗರದವರು ಬಂದು ಅದರ ಮುಂದೆ ನಿಂತು ಫೋಟೋ ತೆಗೆಸಿಕೊಳ್ಳುತ್ತಿದ್ದರು.

ಬಾಗಿಲಿಗೊಂದು ಬಣ್ಣ, ಒಡೆದ ಬಕೆಟ್ಟಿನಲ್ಲೂ ಹೂಗಿಡ, ಅಂಥ ಬೀದಿ ಅದು. ಬ್ಯಾಂಕಿನ ಕೆಲಸ ಬಿಟ್ಟು ಮಡಕೆ ಮಾಡಲು ಬಂದ ಮೇಡಂ, ಗಿಟಾರಿನವನು, ಬಣ್ಣದವರು, ನಾಟಕದವರು. ನಗರಕ್ಕೆ ಬೆನ್ನು ತಿರುಗಿಸಿ ಬಂದವರು. ಹೊಟ್ಟೆಗೆ ಮಾತ್ರ ಅದರತ್ತಲೇ ಕೈಚಾಚುವವರು. “ಇದು ಊರೊಳಗಿನ ಹಳ್ಳಿ, ನಾವೆಲ್ಲ ಒಂದೇ ಮನೆಯವರು” ಎನ್ನುವುದು ಅವರಿಗೆ ಬಾಯಿಪಾಠ. ನೆಲ ಒರೆಸುವ ಬಟ್ಟೆಯಂತೆ ಕಾಣುವ ಅಂಗಿಗಳನ್ನೂ ಅವರು ಇಸ್ತ್ರಿ ಇಲ್ಲದೆ ತೊಡುತ್ತಿರಲಿಲ್ಲ. ಅವಳ ಅನ್ನ ಆ ಅಂಗಿಗಳಲ್ಲಿತ್ತು.

ಗಾರೆಯವನು ಬಂದು ಗೋಡೆಯ ಮೇಲೆ ಸೀಮೆಸುಣ್ಣದಲ್ಲಿ ಕಿಟಕಿಯ ಅಳತೆಗೆ ಚೌಕ ಎಳೆದ. ಅದು ಸರಿಯಾಗಿ ಚಿತ್ರದ ಬಾಯಿಯ ಮೇಲೆ ಬಿತ್ತು. ಚಿತ್ರಕಾರ ಬರಿಗಾಲಲ್ಲಿ ಓಡಿಬಂದ.

“ಅಕ್ಕಾ, ನಿನ್ನ ಬಾಯಿ ನೀನೇ ಒಡೆಸ್ತೀಯಾ?”

“ಬಾಯಿ ನಂದೇ ಅಲ್ವೇನಪ್ಪಾ? ಮಗೂಗೆ ಉಸಿರು ಬೇಕು.”

“ಇದು ನಿನ್ನೊಬ್ಬಳದಲ್ಲ, ಇಡೀ ಬೀದೀದು. ಭಾನುವಾರ ಎಲ್ಲರೂ ಕೂತು ಮಾತಾಡೋಣ.”

ಗಾರೆಯವನು ಚೀಲ ಹೆಗಲಿಗೇರಿಸಿದ. “ನೀವು ನೀವೇ ಇತ್ಯರ್ಥ ಮಾಡ್ಕೊಳ್ಳಿ ಅಕ್ಕ. ನಾಳೆ ನನಗೂ ಈ ಬೀದೀಲೇ ಕೆಲಸ ಬೇಕಲ್ಲ.”

ಭಾನುವಾರ ಚಿತ್ರದ ಕೆಳಗೇ ಚಾಪೆ ಹಾಸಿದರು. ಅವಳು ವಾರವಿಡೀ ಮಾತು ಜೋಡಿಸಿಟ್ಟುಕೊಂಡಿದ್ದಳು. “ಮಗೂಗೆ ಒಳಗೆ...” ಎಂದು ಶುರುಮಾಡುವಷ್ಟರಲ್ಲಿ ಮಡಕೆ ಮೇಡಂ ಅವಳ ಕೈ ಹಿಡಿದುಕೊಂಡರು.

“ಗೊತ್ತು ಅಕ್ಕ. ಕೋಣೇಲಿ ಒಂದು ಗಿಡ ಇಡಿ, ಗಾಳಿ ಶುದ್ಧ ಆಗುತ್ತೆ. ಕುಂಡ ನಾನೇ ಮಾಡಿಕೊಡ್ತೀನಿ.”

ಚಿತ್ರಕಾರ ಸ್ಟೂಲು ಹತ್ತಿದ. “ವಾದ ಯಾಕೆ? ನಮ್ಮಕ್ಕನ ಮೇಲೆ ಪ್ರೀತಿ ಇರೋರೆಲ್ಲ ಕೈ ಎತ್ತಿ!”

ಇದ್ದಬದ್ದ ಕೈಗಳೆಲ್ಲ ಮೇಲೆದ್ದವು. ಪಕ್ಕದಲ್ಲಿ ಮಗಳೂ ಎತ್ತಿದಳು. ಎಲ್ಲರ ಕಣ್ಣೂ ಇಸ್ತ್ರಿಯಕ್ಕನ ಮೇಲೆ. ಸುಮ್ಮನಿದ್ದರೆ ಬಿಗುಮಾನ ಎಂದುಕೊಂಡಾರೆಂದು ಅವಳೂ ನಾಚುತ್ತ ಕೈ ಎತ್ತಿದಳು.

“ಅಲ್ಲಿಗೆ ಮುಗೀತು! ಒಬ್ಬರದೂ ವಿರೋಧ ಇಲ್ಲ. ಅಕ್ಕನ ನಗು ಇಲ್ಲೇ ಇರುತ್ತೆ, ಹೀಗೇ ಇರುತ್ತೆ.”

“ಅಲ್ಲಪ್ಪಾ, ನಾನು ಎತ್ತಿದ್ದು ಅದಕ್ಕಲ್ಲ...”

“ನೀವೇ ಎತ್ತಿದಿರಲ್ಲ ಅಕ್ಕ,” ಎಂದರು ಮೇಡಂ, ಮುದ್ದುಮಾಡುವ ದನಿಯಲ್ಲಿ. ಆಗಲೇ ಗಿಟಾರು ಶುರುವಾಗಿತ್ತು.

ಶಾಲೆಗೆ ನಾಲ್ಕು ದಿನ ಇರುವಾಗ ಅಕ್ಕ ಬಂದಳು. ನಡೆದದ್ದನ್ನು ಕೇಳಿ ಓಣಿಗೆ ಹೋಗಿ, ತಲೆಯೆತ್ತಿ ಗೋಡೆ ನೋಡಿದಳು.

“ಬೇಡ ಅನ್ನೋಕೆ ನಿನಗೆ ಯಾವತ್ತು ಬಾಯಿ ಬಂದಿತ್ತು ಹೇಳು. ಬಾಯೇನಿದ್ರೂ ಗೋಡೆ ಮೇಲೆ.”

ಬಸ್ಸು ಹೊರಟಾಗ ಅಕ್ಕನ ಪಕ್ಕ ಕೂತಿದ್ದ ಮಗಳು ತಲೆ ಹೊರಹಾಕಿ ಕೂಗಿದಳು, “ಅಮ್ಮಾ, ಗಿಡಕ್ಕೆ ನೀರು ಹಾಕು!”

ಎಂಟು ದಿನಕ್ಕೆ ಅಕ್ಕನ ಫೋನು ಬಂತು: ಸೀಟಿ ನಿಂತಿದೆ, ಮಗು ಓಡಾಡಿಕೊಂಡಿದೆ. ಸಂತೋಷದ ಸುದ್ದಿಯೇ. ಆದರೆ ಇನ್ನು ಯಾವ ಬಾಯಲ್ಲಿ ಮಗಳನ್ನು ವಾಪಸು ಕೇಳುವುದು?

ಮಂಚ ಗೋಡೆಗೆ ಒರಗಿಸಿ ಬಟ್ಟೆಯ ಗಂಟುಗಳನ್ನು ಒಳಗೆ ಇಟ್ಟಳು. ಮುಂದಿನ ಕೋಣೆಯಲ್ಲಿ ಈಗ ಕೈಯಾಡಿಸಲು ಜಾಗವಾಗಿತ್ತು. ಕೆಲಸ ಬೇಗ ಸಾಗುತ್ತಿತ್ತು, ಹಾಯೆನ್ನಿಸಿತು. ಹಾಗೆ ಅನ್ನಿಸಿದ್ದಕ್ಕೇ ಅವಳಿಗೆ ತನ್ನ ಮೇಲೆ ಹೇಸಿಗೆಯಾಯಿತು. ಮೇಡಂ ಕೊಟ್ಟ ಕುಂಡದಲ್ಲಿ ಗಿಡದ ಎಲೆಗಳು ಹಬೆಗೆ ಹಳದಿಯಾಗಿ ಉದುರುತ್ತಿದ್ದವು.

ಚಿತ್ರಕಾರನ ಅಂಗಿ ಬಂದಿತ್ತು. ಇದನ್ನು ಸುಟ್ಟೇಬಿಡುತ್ತೇನೆ ಎಂದುಕೊಂಡು ಬಿಸಿ ಪೆಟ್ಟಿಗೆಯನ್ನು ಅಂಗಿಯ ಬೆನ್ನಿನ ಮೇಲೆ ಇಟ್ಟಳು. ಕೈ ನಿಲ್ಲಲಿಲ್ಲ. ರೂಢಿಯಂತೆ ಸರಸರ ಜಾರಿತು, ತೋಳು ಮಡಚಿತು, ಕಾಲರು ತಿದ್ದಿತು. ಒಂದು ಸುಕ್ಕಿಲ್ಲ. ಕರೆದಾಗಲೆಲ್ಲ ಏಳುವ ಆ ಕೈಯನ್ನು ಅವಳು ಬಹಳ ಹೊತ್ತು ನೋಡಿದಳು, ಬೇರೆ ಯಾರದ್ದೋ ಎಂಬಂತೆ.